ಹಳೇ ಕಾರಿನ ಎಸಿ ತಂಪಾಗುತ್ತಿಲ್ಲವೇ? ಗ್ಯಾಸ್ ತುಂಬಿಸುವ ಮೊದಲು ಇದನ್ನು ನೋಡಿ

ಮಾರ್ಚ್ ಬಂತೆಂದರೆ ಕಾರ್ ಎಸಿ ಅಂಗಡಿಗಳ ಮುಂದೆ ಗಾಡಿಗಳು ಸಾಲುಗಟ್ಟುತ್ತವೆ. ಬಂದವರಲ್ಲಿ ಹೆಚ್ಚಿನವರ ಮಾತು ಒಂದೇ. "ಎಸಿ ಕೂಲ್ ಆಗ್ತಿಲ್ಲ, ಸ್ವಲ್ಪ ಗ್ಯಾಸ್ ಹಾಕ್ಬಿಡಿ." ಗ್ಯಾಸ್ ಹಾಕುತ್ತಾರೆ. ಒಂದೆರಡು ತಿಂಗಳು ಹಿತವಾಗಿರುತ್ತದೆ. ಆಮೇಲೆ ಮತ್ತೆ ಬಿಸಿ ಗಾಳಿ. ಮುಂದಿನ ಬೇಸಿಗೆಗೆ ಮತ್ತೆ ಅದೇ ಅಂಗಡಿ, ಅದೇ ಮಾತು.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು, ಹತ್ತು ಹದಿನೈದು ವರ್ಷದ ಆಲ್ಟೊ, ಸ್ಯಾಂಟ್ರೊ, ಇಂಡಿಕಾಗಳನ್ನು ಇನ್ನೂ ಜತನದಿಂದ ಓಡಿಸುತ್ತಿರುವವರು ಇದರಲ್ಲಿ ಸಿಕ್ಕಿಕೊಳ್ಳುವುದು ಜಾಸ್ತಿ. ಹೊರಬರಲು ಒಂದು ಸಂಗತಿ ಗೊತ್ತಿರಬೇಕು. ಎಸಿ ಗ್ಯಾಸ್ ಉರಿದು ಮುಗಿಯುವ ವಸ್ತು ಅಲ್ಲ. ಮುಚ್ಚಿದ ಪೈಪುಗಳ ಒಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಕಡಿಮೆಯೇ ಆಗಿಲ್ಲದಿದ್ದರೆ ತಂಪು ಬಾರದಿರಲು ಕಾರಣ ಬೇರೆ. ಎರಡರಲ್ಲಿ ಯಾವುದೇ ಇರಲಿ, ಸುಮ್ನೆ ಗ್ಯಾಸ್ ತುಂಬಿಸಿದರೆ ತೊಂದರೆ ಹಾಗೇ ಉಳಿಯುತ್ತದೆ.

ತಂಪು ಹುಟ್ಟುವುದು ಹೇಗೆ

ಇಂಜೆಕ್ಷನ್ ಕೊಡುವ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಒರೆಸುತ್ತಾರೆ. ಆ ಜಾಗ ತಣ್ಣಗಾಗುತ್ತದೆ. ಸ್ಪಿರಿಟ್ ಆವಿಯಾಗಲು ಶಾಖ ಬೇಕು, ಅದನ್ನು ಚರ್ಮದಿಂದ ಎಳೆದುಕೊಳ್ಳುತ್ತದೆ. ಕಾರಿನ ಎಸಿ ಮಾಡುವುದೂ ಇದನ್ನೇ. ಆದರೆ ಇಲ್ಲಿ ಆವಿಯನ್ನು ಹೊರಗೆ ಬಿಡುವುದಿಲ್ಲ. ಹಿಡಿದು ಮತ್ತೆ ದ್ರವ ಮಾಡಿ, ಮತ್ತೆ ಆವಿ ಮಾಡಲಾಗುತ್ತದೆ.

ಈ ಕೆಲಸಕ್ಕೆ ಬಳಸುವ ವಸ್ತುವನ್ನೇ ನಾವು ಗ್ಯಾಸ್ ಅನ್ನುತ್ತೇವೆ. ಅದರ ಸರಿಯಾದ ಹೆಸರು ರೆಫ್ರಿಜರೆಂಟ್. ನಮ್ಮಲ್ಲಿ ಓಡುತ್ತಿರುವ ಹಳೇ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಆರ್-134ಎ. ತೆರೆದ ಗಾಳಿಯಲ್ಲಿ ಬಿಟ್ಟರೆ ಇದು ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಒತ್ತಡ ಹೆಚ್ಚಿಸಿದರೆ ಕುದಿಯುವ ಮಟ್ಟ ಮೇಲೇರುತ್ತದೆ, ಇಳಿಸಿದರೆ ಕೆಳಗಿಳಿಯುತ್ತದೆ. ಇಡೀ ಎಸಿ ನಿಂತಿರುವುದು ಈ ಒಂದು ಗುಣದ ಮೇಲೆ.

ಎಂಜಿನ್ನಿನ ಬೆಲ್ಟ್‌ನಿಂದ ತಿರುಗುವ ಕಂಪ್ರೆಸರ್ ಮೊದಲು ಗ್ಯಾಸನ್ನು ಒತ್ತುತ್ತದೆ. ಒತ್ತಿದಾಗ ಅದು ಬಿಸಿಯಾಗುತ್ತದೆ. ಆ ಬಿಸಿ ಗ್ಯಾಸ್ ರೇಡಿಯೇಟರ್ ಮುಂದೆ ಇರುವ ಕಂಡೆನ್ಸರ್‌ಗೆ ಬಂದು, ಹೊರಗಿನ ಗಾಳಿಗೆ ಶಾಖ ಕೊಟ್ಟು ದ್ರವವಾಗುತ್ತದೆ. ಮುಂದೆ ಡ್ರೈಯರ್ ಎಂಬ ಸಣ್ಣ ಡಬ್ಬಿ. ತೇವ ಮತ್ತು ಕಸವನ್ನು ಹಿಡಿದಿಡುವುದು ಅದರ ಕೆಲಸ. ಅಲ್ಲಿಂದ ಎಕ್ಸ್‌ಪ್ಯಾನ್ಶನ್ ವಾಲ್ವ್, ಅಂದರೆ ತೀರಾ ಕಿರಿದಾದ ಒಂದು ದಾರಿ. ಅದನ್ನು ದಾಟಿದ ಕೂಡಲೇ ಒತ್ತಡ ಕುಸಿಯುತ್ತದೆ, ದ್ರವ ಆವಿಯಾಗತೊಡಗುತ್ತದೆ. ಇದು ನಡೆಯುವುದು ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ. ಬ್ಲೋವರ್ ಊದಿದ ಗಾಳಿ ಆ ಕಾಯಿಲ್ ಮೂಲಕ ಹಾದು ತಣ್ಣಗಾಗಿ ನಮ್ಮ ಕಡೆ ಬರುತ್ತದೆ. ಆವಿ ಮತ್ತೆ ಕಂಪ್ರೆಸರ್‌ಗೆ ಹೋಗುತ್ತದೆ.

ಅಂದರೆ ಎಸಿ ಮಾಡುವುದು ಶಾಖ ಸಾಗಿಸುವ ಕೆಲಸ. ಕಾರಿನ ಒಳಗಿನ ಶಾಖವನ್ನು ಹೊತ್ತು ತಂದು ಮುಂದಿನ ಕಂಡೆನ್ಸರ್‌ನಲ್ಲಿ ಬಿಡುತ್ತದೆ. ಒಳಗೆ ಕೂಲಿಂಗ್ ಕಾಯಿಲ್ ಮೇಲೆ, ಹೊರಗೆ ಕಂಡೆನ್ಸರ್ ಮೇಲೆ, ಎರಡೂ ಕಡೆ ಗಾಳಿ ಚೆನ್ನಾಗಿ ಹಾಯಬೇಕು. ಒಂದು ಕಡೆ ತಡೆಯಾದರೂ ಗ್ಯಾಸ್ ತುಂಬಿದ್ದು ಪ್ರಯೋಜನವಿಲ್ಲ.

ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರು, ಕಾರವಾರದ ಗಾಳಿಯಲ್ಲಿ ತೇವ ಜಾಸ್ತಿ. ಕಾಯಿಲ್‌ಗೆ ತಾಗಿದ ತೇವ ನೀರಾಗುವಾಗ ಎಸಿಯ ಶಕ್ತಿಯ ದೊಡ್ಡ ಪಾಲು ಅಲ್ಲೇ ಖರ್ಚಾಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆ ಒಣ ಬಿಸಿ. ಅಲ್ಲಿ ಕಷ್ಟಪಡುವುದು ಕಂಡೆನ್ಸರ್, ಏಕೆಂದರೆ 40 ಡಿಗ್ರಿ ದಾಟಿದ ಗಾಳಿಗೆ ಅದು ಶಾಖ ಬಿಡಬೇಕು. ಒಂದೇ ಕಾರು ಎರಡು ಊರಲ್ಲಿ ಬೇರೆ ಬೇರೆ ಥರ ತಂಪು ಕೊಟ್ಟರೆ ಅದನ್ನು ದೋಷ ಅನ್ನಲಾಗದು.

ಮೊದಲ ಪ್ರಶ್ನೆ: ಗಾಳಿ ಕಡಿಮೆಯೋ, ತಂಪು ಕಡಿಮೆಯೋ?

"ಎಸಿ ಸರಿಯಿಲ್ಲ" ಎಂಬ ಒಂದೇ ದೂರಿನೊಳಗೆ ಎರಡು ಬೇರೆ ರೋಗಗಳಿವೆ. ಬರುವ ಗಾಳಿ ತಣ್ಣಗಿದ್ದು ಅದರ ರಭಸ ಸಾಲದೇ ಇರಬಹುದು. ಇಲ್ಲವೇ ಗಾಳಿ ಜೋರಾಗಿ ಬಂದರೂ ತಣ್ಣಗಿಲ್ಲದೇ ಇರಬಹುದು. ಇದನ್ನು ಮನೆಯಲ್ಲೇ ಬೇರ್ಪಡಿಸಬಹುದು.

ಗಾಳಿಯೇ ಕಡಿಮೆ ಎಂದರೆ ಮೊದಲು ಫಿಲ್ಟರ್ ನೋಡಿ. ಹೆಚ್ಚಿನ ಕಾರುಗಳಲ್ಲಿ ಕ್ಯಾಬಿನ್ ಫಿಲ್ಟರ್ ಇರುವುದು ಗ್ಲವ್ ಬಾಕ್ಸ್ ಹಿಂದೆ. ಧೂಳು, ಒಣ ಎಲೆ ಮೆತ್ತಿಕೊಂಡಿದ್ದರೆ ಬದಲಾಯಿಸಿದರೆ ಮುಗಿಯಿತು. ಮಾರುತಿ 800, ಹಿಂದಿನ ಆಲ್ಟೊ ಥರದ ಕಾರುಗಳಿಗೆ ಈ ಫಿಲ್ಟರೇ ಇರಲಿಲ್ಲ. ಅವುಗಳಲ್ಲಿ ವರ್ಷಗಳ ಧೂಳು ನೇರವಾಗಿ ಕೂಲಿಂಗ್ ಕಾಯಿಲ್ ಮೇಲೆ ಕೂತು, ತೇವಕ್ಕೆ ಕೆಸರಿನಂತೆ ಗಟ್ಟಿಯಾಗಿರುತ್ತದೆ. ಎಸಿ ಹಾಕಿದ ಕೂಡಲೇ ಹಳಸಲು ವಾಸನೆ ಬರುವುದಕ್ಕೂ ಇದೇ ಕಾರಣ. ಕಾಯಿಲ್ ಬಿಚ್ಚಿ ತೊಳೆಸಬೇಕು.

ಬ್ಲೋವರ್ ಕೊನೆಯ ಸ್ಪೀಡ್‌ನಲ್ಲಿ ಮಾತ್ರ ತಿರುಗಿ, ಉಳಿದದ್ದರಲ್ಲಿ ಸುಮ್ಮನಿದ್ದರೆ ಮೋಟರ್ ಕೆಟ್ಟಿಲ್ಲ. ವೇಗ ತಗ್ಗಿಸುವ ಬ್ಲೋವರ್ ರೆಸಿಸ್ಟರ್ ಸುಟ್ಟಿದೆ. ಇದು ಸಣ್ಣ ಭಾಗ, ಸಣ್ಣ ಖರ್ಚು.

ಇನ್ನೊಂದು ಲಕ್ಷಣ ಹಲವರಿಗೆ ಗೊಂದಲ ತರುತ್ತದೆ. ಹೊರಟಾಗ ಎಸಿ ಚೆನ್ನಾಗಿರುತ್ತದೆ. ಅರ್ಧ ಮುಕ್ಕಾಲು ಗಂಟೆಯ ಹೆದ್ದಾರಿ ಓಟದ ನಂತರ ಗಾಳಿ ಬರಬರುತ್ತಾ ಕಡಿಮೆಯಾಗಿ ನಿಂತೇ ಹೋಗುತ್ತದೆ. ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿ ಗಾಳಿಯ ದಾರಿ ಮುಚ್ಚಿದಾಗ ಹೀಗಾಗುತ್ತದೆ. ಎಸಿ ಬಟನ್ ಆಫ್ ಮಾಡಿ ಬ್ಲೋವರ್ ಮಾತ್ರ ಓಡಿಸಿ. ಸ್ವಲ್ಪ ಹೊತ್ತಿಗೆ ಗಾಳಿ ಮರಳಿದರೆ ಅನುಮಾನ ಖಚಿತ. ಕಾಯಿಲ್ ತೀರಾ ತಣ್ಣಗಾದಾಗ ಕಂಪ್ರೆಸರನ್ನು ನಿಲ್ಲಿಸಬೇಕಾದ ಥರ್ಮೋಸ್ಟಾಟ್ ಅಥವಾ ಸೆನ್ಸರ್ ಕೆಲಸ ಮಾಡುತ್ತಿಲ್ಲದಿರಬಹುದು. ಕಾಯಿಲ್ ಧೂಳು ಕಟ್ಟಿದ್ದರೂ ಹೀಗಾಗುತ್ತದೆ.

ಎಸಿ ಓಡುವಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕಿದರೆ ಹೆದರಬೇಡಿ. ಕಾಯಿಲ್ ಹಿಡಿದ ತೇವ ಹೊರಬರುತ್ತಿದೆ ಅಷ್ಟೇ. ಹೊರಗೆ ಬೀಳದೆ ಎಡಗಡೆ ಸೀಟಿನ ಕಾಲ ಬಳಿ ಮ್ಯಾಟ್ ಒದ್ದೆಯಾದರೆ ಡ್ರೈನ್ ಪೈಪ್ ಕಟ್ಟಿಕೊಂಡಿದೆ ಎಂದರ್ಥ.

ಓಡುವಾಗ ತಂಪು, ಸಿಗ್ನಲ್‌ನಲ್ಲಿ ಬಿಸಿ

ಬೆಂಗಳೂರಿನ ಟ್ರಾಫಿಕ್‌ನಲ್ಲಿ ಅತಿ ಹೆಚ್ಚು ಕೇಳುವ ದೂರು ಇದೇ. ಔಟರ್ ರಿಂಗ್ ರೋಡ್ ಖಾಲಿ ಇದ್ದಾಗ ಎಸಿ ಚೆನ್ನಾಗಿ ಕೆಲಸ ಮಾಡುತ್ತದೆ. ಸಿಲ್ಕ್ ಬೋರ್ಡ್ ಬಳಿ ನಿಂತರೆ ಬಿಸಿ. ಗ್ಯಾಸ್ ತೀರಾ ಕಡಿಮೆಯಿದ್ದರೆ ಓಡುವಾಗಲೂ ತಂಪು ಬರುತ್ತಿರಲಿಲ್ಲ ಅಲ್ವಾ? ಹಾಗಾಗಿ ಮೊದಲು ಕಂಡೆನ್ಸರ್ ಕಡೆ ನೋಡಬೇಕು.

ಕಾರು ಓಡುವಾಗ ಗಾಳಿ ತಾನೇ ಕಂಡೆನ್ಸರ್ ಮೇಲೆ ಬೀಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದ್ದು. ಎಂಜಿನ್ ಚಾಲೂ ಇಟ್ಟು, ಎಸಿ ಹಾಕಿ, ಬಾನೆಟ್ ಎತ್ತಿ ನೋಡಿ. ಕೈ, ಶಾಲು, ಸಡಿಲ ಬಟ್ಟೆ ದೂರವಿರಲಿ. ಎಸಿ ಹಾಕಿದ ಸ್ವಲ್ಪ ಹೊತ್ತಿಗೆ ಕಂಡೆನ್ಸರ್ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟರ್ ಎಂದು ಒಂದೊಂದಾಗಿ ಪರೀಕ್ಷಿಸಬೇಕು. ಹಳೇ ಕಾರುಗಳಲ್ಲಿ ಫ್ಯಾನ್ ತಿರುಗಿದರೂ ಮೋಟರಿನ ಬ್ರಷ್ ಸವೆದು ವೇಗ ಸಾಲದೇ ಇರುವುದುಂಟು. ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಗಾಳಿ ಮಾತ್ರ ಎಳೆಯುವುದಿಲ್ಲ.

ಫ್ಯಾನ್ ಸರಿಯಿದ್ದರೆ ಕಂಡೆನ್ಸರ್ ನೋಡಿ. ಅದರ ಸಣ್ಣ ರೆಕ್ಕೆಗಳ ನಡುವೆ ಮಣ್ಣು, ಹುಳ, ಹೊಟ್ಟು ತುಂಬಿದ್ದರೆ ಶಾಖ ಹೊರಗೆ ಹೋಗದು. ಪೈಪಿನ ನೀರಿನಿಂದ ನಿಧಾನವಾಗಿ ತೊಳೆದರೆ ಸಾಕು. ಹೈ ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಮುಚ್ಚಿಹೋಗುತ್ತದೆ.

ಕಂಪ್ರೆಸರ್ ಎಳೆಯುತ್ತಿದೆಯಾ?

ಎಸಿ ಬಟನ್ ಒತ್ತಿದಾಗ "ಟಕ್" ಎಂಬ ಸದ್ದು ಕೇಳಿ, ಎಂಜಿನ್ ಶಬ್ದ ಸ್ವಲ್ಪ ಬದಲಾಗುವುದನ್ನು ಗಮನಿಸಿರುತ್ತೀರಿ. ಅದು ಮ್ಯಾಗ್ನೆಟಿಕ್ ಕ್ಲಚ್ ಹಿಡಿದ ಸದ್ದು. ಬೆಲ್ಟ್ ಯಾವಾಗಲೂ ಪುಲ್ಲಿಯನ್ನು ತಿರುಗಿಸುತ್ತಿರುತ್ತದೆ. ಕ್ಲಚ್ ಹಿಡಿದಾಗ ಮಾತ್ರ ಕಂಪ್ರೆಸರ್ ಒಳಗೆ ತಿರುಗುತ್ತದೆ. ಮುಂಭಾಗದ ತಟ್ಟೆ ನಿಂತೇ ಇದ್ದರೆ ಕ್ಲಚ್ ಹಿಡಿದಿಲ್ಲ.

ಹಿಡಿಯದಿರಲು ಕಾರಣ ಸುಟ್ಟ ಫ್ಯೂಸ್ ಇರಬಹುದು, ರಿಲೇ ಇರಬಹುದು. ಪ್ರೆಶರ್ ಸ್ವಿಚ್ ಬೇಕೆಂದೇ ತಡೆದಿರಲೂಬಹುದು. ಗ್ಯಾಸ್ ಪೂರ್ತಿ ಸೋರಿದ್ದರೆ ಈ ಸ್ವಿಚ್ ಕಂಪ್ರೆಸರನ್ನು ಓಡಲು ಬಿಡುವುದಿಲ್ಲ, ಏಕೆಂದರೆ ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತದೆ. ಕೆಲವರು ಸ್ವಿಚ್ಚಿನ ಎರಡು ವೈರ್ ಸೇರಿಸಿ ಬಲವಂತವಾಗಿ ಓಡಿಸುತ್ತಾರೆ. ಖಾಲಿ ಸಿಸ್ಟಂನಲ್ಲಿ ಹಾಗೆ ಓಡಿದರೆ ಕಂಪ್ರೆಸರ್ ಎಣ್ಣೆಯಿಲ್ಲದೆ ಉಜ್ಜಿ ಹಾಳಾಗುತ್ತದೆ. ಯಾರಿಗೂ ಇದನ್ನು ಮಾಡಲು ಬಿಡಬೇಡಿ.

ಬೆಳಗ್ಗೆ ಹಿಡಿದು ಮಧ್ಯಾಹ್ನ ಎಂಜಿನ್ ಕಾದಾಗ ಬಿಟ್ಟುಬಿಡುವ ಕ್ಲಚ್ಚೂ ಇರುತ್ತದೆ. ವರ್ಷಗಳ ಸವೆತದಿಂದ ತಟ್ಟೆ ಮತ್ತು ಪುಲ್ಲಿ ನಡುವಿನ ಸಂದು ಅಗಲವಾಗಿರುತ್ತದೆ. ಕ್ಲಚ್ ಒಳಗಿನ ತಂತಿಯ ಸುರುಳಿ ಬಿಸಿಯಾದಂತೆ ಅದರ ಅಯಸ್ಕಾಂತದ ಬಲ ಇಳಿಯುತ್ತದೆ, ಆ ಸಂದನ್ನು ಎಳೆದು ಮುಚ್ಚಲು ಆಗುವುದಿಲ್ಲ. ಹೆಚ್ಚಿನ ಕಂಪ್ರೆಸರ್‌ಗಳಲ್ಲಿ ತೆಳು ವಾಷರ್ ತೆಗೆದು ಸಂದು ಕಿರಿದು ಮಾಡಬಹುದು. ಇಡೀ ಕಂಪ್ರೆಸರ್ ಬದಲಾಯಿಸಬೇಕು ಎಂದು ಯಾರಾದರೂ ಹೇಳಿದರೆ ಮೊದಲು ಈ ಸಂದು ಅಳೆಯಲು ಹೇಳಿ.

ಕಂಪ್ರೆಸರ್ ಓಡುತ್ತಿದೆ, ಫ್ಯಾನ್ ಇದೆ, ಗಾಳಿ ಇದೆ, ಆದರೂ ಬಿಸಿ. ಆಗ ಹೀಟರ್ ಕಡೆಯೂ ಕಣ್ಣು ಹಾಯಿಸಬೇಕು. ಕೇಬಲ್ ಸಡಿಲವಾಗಿ ಹೀಟರ್ ವಾಲ್ವ್ ಅಥವಾ ಒಳಗಿನ ಫ್ಲಾಪ್ ಪೂರ್ತಿ ಮುಚ್ಚದಿದ್ದರೆ, ಕಾಯಿಲ್ ತಣ್ಣಗೆ ಮಾಡಿದ ಗಾಳಿಯನ್ನು ಹೀಟರ್ ಮತ್ತೆ ಬಿಸಿ ಮಾಡುತ್ತದೆ. ಎಷ್ಟು ಗ್ಯಾಸ್ ತುಂಬಿದರೂ ಇದು ಸರಿಹೋಗದು.

ಗೇಜ್ ಹೇಳುವುದು ಮತ್ತು ಹೇಳದಿರುವುದು

ಇಲ್ಲಿಂದ ಮುಂದಿನದು ಮೆಕ್ಯಾನಿಕ್ ಕೆಲಸ. ಆದರೆ ಅವರು ಏನು ನೋಡುತ್ತಿದ್ದಾರೆ ಎಂದು ಗೊತ್ತಿದ್ದರೆ ಸರಿಯಾದ ಪ್ರಶ್ನೆ ಕೇಳಬಹುದು. ಗೇಜ್ ಎಂದರೆ ಎಸಿ ಪೈಪಿನೊಳಗಿನ ಒತ್ತಡವನ್ನು ಪಿಎಸ್‌ಐ ಲೆಕ್ಕದಲ್ಲಿ ತೋರಿಸುವ ಮೀಟರ್. ಆ ಪೈಪಿನಲ್ಲಿ ಎರಡು ಕಡೆಗಳಿವೆ. ಕಂಪ್ರೆಸರ್‌ಗೆ ಮರಳುವ ಕಡೆ ಲೋ, ಅದರಿಂದ ಹೊರಡುವ ಕಡೆ ಹೈ. 30ರಿಂದ 35 ಡಿಗ್ರಿಯ ದಿನ, ಎಸಿ ಓಡುತ್ತಿರುವಾಗ, ಆರ್-134ಎ ಸಿಸ್ಟಂನಲ್ಲಿ ಲೋ ಸುಮಾರು 25ರಿಂದ 40 ಪಿಎಸ್‌ಐ, ಹೈ ಸುಮಾರು 175ರಿಂದ 250 ಪಿಎಸ್‌ಐ ಇರುತ್ತದೆ. ಕಾರಿಂದ ಕಾರಿಗೆ ವ್ಯತ್ಯಾಸವಿದೆ.

ಎರಡೂ ಕಡಿಮೆ ಇದ್ದರೆ ಗ್ಯಾಸ್ ಸೋರಿದೆ. ಎರಡೂ ಜಾಸ್ತಿ ಇದ್ದರೆ ಗ್ಯಾಸ್ ಅತಿಯಾಗಿದೆ ಅಥವಾ ಕಂಡೆನ್ಸರ್ ಶಾಖ ಬಿಡುತ್ತಿಲ್ಲ. ಲೋ ಜಾಸ್ತಿ, ಹೈ ಕಡಿಮೆ ಎಂದರೆ ಕಂಪ್ರೆಸರ್ ಒತ್ತುವ ಶಕ್ತಿ ಕಳೆದುಕೊಂಡಿದೆ. ಲೋ ಕಡೆ ಸೊನ್ನೆಯ ಹತ್ತಿರ ಇಳಿದರೆ ಎಕ್ಸ್‌ಪ್ಯಾನ್ಶನ್ ವಾಲ್ವ್ ಅಥವಾ ಡ್ರೈಯರ್ ಕಟ್ಟಿದೆ. ಒಳಗೆ ನೀರಿನ ಅಂಶ ಸೇರಿದ್ದರೆ ಅದು ವಾಲ್ವ್‌ನಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ಕರಗಿದಾಗ ಬಿಡುತ್ತದೆ. ತಂಪು ಬಂದು ಹೋಗಿ ಬಂದು ಹೋಗಿ ಮಾಡುತ್ತದೆ.

ಒಂದು ವಿಷಯವನ್ನು ಮಾತ್ರ ಗೇಜ್ ಹೇಳಲಾರದು. ಎಸಿ ನಿಂತಿರುವಾಗ ಎರಡೂ ಕಡೆ ಒತ್ತಡ ಒಂದೇ ಆಗುತ್ತದೆ. 30 ಡಿಗ್ರಿಯಲ್ಲಿ ಅದು ಸುಮಾರು 95 ಪಿಎಸ್‌ಐ. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಅಷ್ಟೇ, ಪೂರ್ತಿ ತುಂಬಿದ್ದರೂ ಅಷ್ಟೇ. ಒತ್ತಡ ನಿರ್ಧಾರವಾಗುವುದು ಬಿಸಿಯಿಂದ, ಪ್ರಮಾಣದಿಂದಲ್ಲ. ಹಾಗಾಗಿ ನಿಂತ ಎಸಿಗೆ ಗೇಜ್ ಹಾಕಿ "ಗ್ಯಾಸ್ ಫುಲ್ ಇದೆ" ಎನ್ನುವುದರಲ್ಲಿ ಅರ್ಥವಿಲ್ಲ. ಎಷ್ಟು ಗ್ಯಾಸ್ ಇದೆ ಎಂದು ಖಚಿತವಾಗಿ ತಿಳಿಯಲು ಅದನ್ನು ಹೊರತೆಗೆದು ತೂಗಬೇಕು.

ಸೋರುವ ಜಾಗ ಹಿಡಿಯುವುದು

ಚೆನ್ನಾಗಿರುವ ಸಿಸ್ಟಂನಲ್ಲೂ ರಬ್ಬರ್ ಹೋಸ್, ಕಂಪ್ರೆಸರ್ ಸೀಲ್ ಮೂಲಕ ವರ್ಷಕ್ಕೆ ಕೆಲವು ಗ್ರಾಂ ನುಸುಳುವುದು ಸಹಜ. ಹಲವು ವರ್ಷಕ್ಕೊಮ್ಮೆ ಗ್ಯಾಸ್ ಕಡಿಮೆಯಾದರೆ ಆಶ್ಚರ್ಯವಿಲ್ಲ. ಪ್ರತಿ ಬೇಸಿಗೆಗೂ ಕಡಿಮೆಯಾದರೆ ಅದು ಸೋರಿಕೆಯೇ.

ಗ್ಯಾಸ್ ಜೊತೆ ಎಣ್ಣೆಯೂ ಸುತ್ತುತ್ತದೆ ಎಂದೆನಲ್ಲ, ಅದೇ ಇಲ್ಲಿ ಸುಳಿವು. ಸೋರುವ ಜಾಗದಲ್ಲಿ ಎಣ್ಣೆ ಜಿನುಗಿ ಅದರ ಮೇಲೆ ಧೂಳು ಮೆತ್ತಿಕೊಂಡಿರುತ್ತದೆ. ಪೈಪ್ ಜಾಯಿಂಟ್, ಕಂಡೆನ್ಸರ್ ಮೂಲೆ, ಕಂಪ್ರೆಸರ್ ಮುಂಭಾಗದಲ್ಲಿ ಕಪ್ಪು ಜಿಡ್ಡಿನ ಕಲೆ ಹುಡುಕಿ. ಮೆಕ್ಯಾನಿಕ್‌ಗಳು ನೈಟ್ರೋಜನ್ ತುಂಬಿ ಸೋಪಿನ ನೊರೆ ಹಚ್ಚುತ್ತಾರೆ, ಗುಳ್ಳೆ ಎದ್ದಲ್ಲಿ ತೂತು. ಹೊಳೆಯುವ ಬಣ್ಣದ ದ್ರವ ಹಾಕಿ ನೇರಳೆ ಬೆಳಕಿನಲ್ಲಿ ನೋಡುವುದೂ ಉಂಟು. ಜಾಯಿಂಟಿನ ಓ-ರಿಂಗ್, ಅಂದರೆ ರಬ್ಬರ್ ಬಳೆ, ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ರಿಪೇರಿ ಅಗ್ಗ. ಕೂಲಿಂಗ್ ಕಾಯಿಲ್ ತೂತಾಗಿದ್ದರೆ ಡ್ಯಾಶ್‌ಬೋರ್ಡ್ ಬಿಚ್ಚುವ ಕೂಲಿಯೇ ದೊಡ್ಡದು.

ಮಳೆಗಾಲ, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಎಸಿ ಹಾಕದ ಕಾರುಗಳಲ್ಲಿ ಕಂಪ್ರೆಸರಿನ ಸೀಲ್ ಎಣ್ಣೆಯಿಲ್ಲದೆ ಒಣಗುತ್ತದೆ. ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿದರೆ ಸೀಲ್ ಉಳಿಯುತ್ತದೆ. ಕೊಡಗಿನ ಮಳೆಯಲ್ಲಿ ಗಾಜಿನ ಮೇಲಿನ ಮಬ್ಬೂ ಹೋಗುತ್ತದೆ.

ಗ್ಯಾಸ್ ತುಂಬುವ ಸರಿಯಾದ ಕ್ರಮ

ಸೋರಿಕೆ ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಕನಿಷ್ಠ ಅರ್ಧ ಗಂಟೆ ಒಳಗಿನ ಗಾಳಿಯನ್ನು ಎಳೆಯಬೇಕು. ಒತ್ತಡ ತೀರಾ ಇಳಿದಾಗ ನೀರು ನಮ್ಮ ಸಾಮಾನ್ಯ ಹವೆಯಲ್ಲೇ ಕುದಿದು ಆವಿಯಾಗುತ್ತದೆ. ಒಳಗಿನ ತೇವ ಹೊರಹೋಗುವುದು ಹೀಗೆ. ಪಂಪ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟಾಗ ಗೇಜಿನ ಮುಳ್ಳು ಮೇಲೇರಿದರೆ ಇನ್ನೂ ಎಲ್ಲೋ ತೂತು ಇದೆ. ಈ ಹಂತ ಬಿಟ್ಟು ನೇರ ಗ್ಯಾಸ್ ತುಂಬುವ ಅಂಗಡಿಯಿಂದ ದೂರವಿರುವುದು ಒಳ್ಳೆಯದು. ಪೈಪು ತುಂಬಾ ದಿನ ತೆರೆದಿದ್ದರೆ ಡ್ರೈಯರ್ ಕೂಡ ಹೊಸದು ಬೇಕು.

ಆಮೇಲೆ ತೂಕ ನೋಡಿ ಗ್ಯಾಸ್. ಸಣ್ಣ ಕಾರುಗಳಿಗೆ ಸುಮಾರು ಅರ್ಧ ಕಿಲೋ. ಸರಿಯಾದ ಅಳತೆ ಬಾನೆಟ್ ಒಳಗಿನ ಸ್ಟಿಕ್ಕರ್ ಅಥವಾ ಕಾರಿನ ಮ್ಯಾನುಯಲ್‌ನಲ್ಲಿ ಇರುತ್ತದೆ. ಜಾಸ್ತಿ ತುಂಬಿದರೆ ಜಾಸ್ತಿ ತಂಪು ಎಂಬುದು ಸುಳ್ಳು. ಅತಿಯಾದರೆ ಕಂಡೆನ್ಸರ್‌ನಲ್ಲಿ ದ್ರವ ತುಂಬಿಕೊಂಡು ಶಾಖ ಬಿಡುವ ಜಾಗ ಕಡಿಮೆಯಾಗುತ್ತದೆ, ತಂಪು ಇಳಿಯುತ್ತದೆ, ಕಂಪ್ರೆಸರ್ ಮೇಲೆ ಹೊರೆ ಏರುತ್ತದೆ. ಎಷ್ಟು ಗ್ರಾಂ ಹಾಕಿದರು ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಹಳೇ ಗ್ಯಾಸನ್ನು ಸುಮ್ನೆ ಗಾಳಿಗೆ ಬಿಡುವುದು ಸರಿಯಲ್ಲ. ಆರ್-134ಎ ಓಝೋನ್ ಪದರಕ್ಕೆ ಹಾನಿ ಮಾಡುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,400 ಪಟ್ಟು ಬಲಶಾಲಿ. ಅದನ್ನು ಹೀರಿ ಸಿಲಿಂಡರ್‌ಗೆ ತುಂಬುವ ಯಂತ್ರ ಇರುವ ಅಂಗಡಿ ಸಿಕ್ಕರೆ ಅಲ್ಲಿಗೇ ಹೋಗಿ.

ತೊಂಬತ್ತರ ದಶಕದ ಕಾರಿದ್ದರೆ

ಆಗಿನ ಕಾರುಗಳಲ್ಲಿ ಆರ್-12 ಎಂಬ ಗ್ಯಾಸ್ ಇತ್ತು. ಓಝೋನ್ ಪದರ ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಭಾರತದಂಥ ದೇಶಗಳು 2010ರ ಹೊತ್ತಿಗೆ ಇದನ್ನು ಕೈಬಿಡಬೇಕಿತ್ತು. ಈಗ ಅಂಥ ಕಾರನ್ನು ಆರ್-134ಎಗೆ ಬದಲಾಯಿಸಿಕೊಳ್ಳುತ್ತಾರೆ. ಬರೀ ಗ್ಯಾಸ್ ಬದಲಿಸಿದರೆ ಆಗದು. ಆರ್-12ರ ಮಿನರಲ್ ಆಯಿಲ್ ಹೊಸ ಗ್ಯಾಸಿನಲ್ಲಿ ಬೆರೆಯುವುದಿಲ್ಲ, ಕಂಪ್ರೆಸರ್‌ಗೆ ಮರಳಿ ಬರುವುದಿಲ್ಲ. ಹಳೇ ಎಣ್ಣೆ ತೆಗೆದು ಎಸ್ಟರ್ ಆಯಿಲ್ ಹಾಕಿ, ಓ-ರಿಂಗ್ ಮತ್ತು ಡ್ರೈಯರ್ ಬದಲಾಯಿಸಬೇಕು. ಗ್ಯಾಸ್ ತುಂಬುವ ಬಾಯಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ಆರ್-12ಕ್ಕೆ ತಿರುಪಿನ ಬಾಯಿ, ಆರ್-134ಎಗೆ ಒತ್ತಿ ಕೂರಿಸುವ ಬಾಯಿ.

ಅಗ್ಗದ ಗ್ಯಾಸಿನ ಅಪಾಯ

ಅಡುಗೆ ಗ್ಯಾಸಿನ ಜಾತಿಯ ಹೈಡ್ರೋಕಾರ್ಬನ್ ಕೂಡ ಚೆನ್ನಾಗಿ ತಂಪು ಕೊಡುತ್ತದೆ. ಅದಕ್ಕೇ ಕೆಲವು ಕಡೆ ಅದನ್ನೇ ತುಂಬುತ್ತಾರೆ. ಅಪಾಯ ಇರುವುದು ಸೋರಿದಾಗ. ಕೂಲಿಂಗ್ ಕಾಯಿಲ್ ಇರುವುದು ನಾವು ಕೂರುವ ಜಾಗದ ಎದುರಿಗೇ. ಅದು ತೂತಾದರೆ ಬೆಂಕಿ ಹಿಡಿಯುವ ಗ್ಯಾಸ್ ಕಿಟಕಿ ಮುಚ್ಚಿದ ಕಾರಿನೊಳಗೆ ತುಂಬುತ್ತದೆ. ಹತ್ತಿರದಲ್ಲೇ ಬ್ಲೋವರ್ ಮೋಟರಿನ ಕಿಡಿ.

ಆರ್-134ಎ ಎಂದು ಬರೆದ ಡಬ್ಬಿಯಲ್ಲಿ ಬೇರೆಯದೇ ಇರುವುದೂ ನಡೆದಿದೆ. 2011ರಲ್ಲಿ ಸಮುದ್ರ ಸಾಗಣೆಯ ತಂಪು ಕಂಟೇನರ್‌ಗಳು ಸಿಡಿದು ಕೆಲಸಗಾರರು ಸತ್ತರು. ನಕಲಿ ಗ್ಯಾಸಿನಲ್ಲಿದ್ದ ಮೀಥೈಲ್ ಕ್ಲೋರೈಡ್ ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳುವ ವಸ್ತುವಾಗಿತ್ತು. ಕಾರಿನ ಎಸಿಯ ಹೆಚ್ಚಿನ ಭಾಗಗಳೂ ಅಲ್ಯೂಮಿನಿಯಮ್ಮಿನವೇ. ಸೀಲ್ ಮಾಡಿದ, ಗುರುತಿರುವ ಡಬ್ಬಿಯನ್ನು ನಿಮ್ಮೆದುರೇ ತೆಗೆಯಲು ಹೇಳಿ.

ಮನೆಯಲ್ಲಿ ನೀವೇ ಪೈಪ್ ಬಿಚ್ಚಲು ಹೋಗಬೇಡಿ. ಚಿಮ್ಮಿದ ದ್ರವ ಮೈನಸ್ 26 ಡಿಗ್ರಿಗೆ ಇಳಿಯುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು.

ಕಂಪ್ರೆಸರ್ ಜಾಮ್ ಆದರೆ

ಇದು ದೊಡ್ಡ ಖರ್ಚು, ಹೆಚ್ಚು ಜನ ಮೋಸಹೋಗುವುದೂ ಇಲ್ಲೇ. ಕಂಪ್ರೆಸರ್ ಉಜ್ಜಿ ಕೆಟ್ಟಾಗ ಲೋಹದ ಪುಡಿ ಪೈಪು, ಕಂಡೆನ್ಸರ್, ವಾಲ್ವ್ ತುಂಬ ಹರಡುತ್ತದೆ. ಹೊಸ ಕಂಪ್ರೆಸರ್ ಮಾತ್ರ ಕೂರಿಸಿದರೆ ಆ ಪುಡಿ ಅದನ್ನೂ ಬೇಗ ತಿನ್ನುತ್ತದೆ. ಪೈಪುಗಳನ್ನು ಫ್ಲಶ್ ಮಾಡಿ, ಡ್ರೈಯರ್ ಮತ್ತು ಎಕ್ಸ್‌ಪ್ಯಾನ್ಶನ್ ವಾಲ್ವ್ ಬದಲಾಯಿಸಲೇಬೇಕು. ಈಗಿನ ಸಣ್ಣ ಕೊಳವೆಗಳ ಕಂಡೆನ್ಸರ್ ಫ್ಲಶ್‌ಗೆ ಪೂರ್ತಿ ಶುಚಿಯಾಗುವುದಿಲ್ಲ, ಹಾಗಾಗಿ ಅದನ್ನೂ ಹೊಸದು ಹಾಕುವುದು ಕ್ಷೇಮ.

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹೊಸ ಭಾಗಗಳು, ಶಿವಾಜಿನಗರದಲ್ಲಿ ಬಳಸಿದ ಭಾಗಗಳು ಸಿಗುತ್ತವೆ. ಬಳಸಿದ ಕಂಪ್ರೆಸರ್ ತರುವುದಾದರೆ ಕ್ಲಚ್ ತಟ್ಟೆಯನ್ನು ಕೈಯಲ್ಲಿ ತಿರುಗಿಸಿ ನೋಡಿ. ಒಂದೇ ಸಮ ತಿರುಗಬೇಕು, ಎಲ್ಲೂ ಹಿಡಿಯಬಾರದು. ಅದರ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಸ್ವಲ್ಪ ಸುರಿಸಿ. ತಿಳಿಯಾಗಿದ್ದರೆ ತೆಗೆದುಕೊಳ್ಳಬಹುದು. ಕಪ್ಪಾಗಿದ್ದರೆ, ಬೆಳ್ಳಿಯ ಬಣ್ಣದ ಪುಡಿ ಮಿನುಗಿದರೆ ಅಲ್ಲೇ ಬಿಟ್ಟು ಬನ್ನಿ.